ಕೂಡದ ಕೂಟ

ಚಿತ್ರಕಥೆಗೆ ಸಾಹಿತ್ಯದ ಪುಟದಲ್ಲಿ ಎಡೆಯೇಕೆ ಎಂದು ಕೇಳುವವರು ಇಂದಿಗೂ ಇರುವರು. ಅವರೊಡನೆ ವಾದಕ್ಕಿಳಿಯುವ ಉತ್ಸಾಹ ನನಗಿಲ್ಲ. ಸಾಲಾಗಿ ನಿಲ್ಲಿಸಿದ ಚಿತ್ರಗಳಿಂದ ಕಥೆ ಹೇಳುವ ಬಗೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ನಮ್ಮ ಗುಡಿಗಳ ಹೊರಗೋಡೆಯನ್ನು ಒಮ್ಮೆ ಸುತ್ತಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೃತಿ ಓದುಗನಿಗೆ ಏನನ್ನು ಕೊಡುವೆನೆಂದು ಮಾತು ಕೊಟ್ಟಿತು, ಕಡೆಗೆ ಏನನ್ನು ಕೊಟ್ಟಿತು ಎಂದು ವಿಚಾರಿಸುವುದು ವಿಮರ್ಶಕನ ಕೆಲಸವಾದರೆ, ಅಮೆರಿಕದ ಡಿ.ಸಿ. ಪ್ರಕಾಶನದವರು ೨೦೧೧ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಹೊರತಂದ 'ಜಸ್ಟಿಸ್ ಲೀಗ್ ಡಾರ್ಕ್' ಮಾಲೆಯ ಮೊದಲನೆಯ ಸಂಚಿಕೆ ಆ ವಿಚಾರಣೆಗೆ ತಕ್ಕ ವಸ್ತುವೇ ಆಗಿದೆ. ಅದನ್ನು ಈಚೆಗೆ ಮತ್ತೊಮ್ಮೆ ಓದಿದೆ. ಕಾಲ ಕಳೆದಂತೆ ಕೆಲವು ಕೃತಿಗಳ ಕಹಿ ಇಳಿದು ರುಚಿ ಮೇಲೆ ಬರುವುದುಂಟು. ಇಲ್ಲಿ ಹಾಗಾಗಲಿಲ್ಲ. ನಿರಾಶೆ ಇದ್ದಂತೆಯೇ ಇದೆ. ಅದರ ಕಾರಣಗಳು ಮಾತ್ರ ಈಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಆ ವರ್ಷ ಡಿ.ಸಿ.ಯವರು ತಮ್ಮ ಹಳೆಯ ಲೆಕ್ಕವನ್ನೆಲ್ಲ ಅಳಿಸಿ, ಐವತ್ತೆರಡು ಮಾಲೆಗಳನ್ನು ಒಂದನೆಯ ಸಂಖ್ಯೆಯಿಂದ ಹೊಸದಾಗಿ ಆರಂಭಿಸಿದರು. ಅವುಗಳಲ್ಲಿ ಬಹುಪಾಲು ಎಲ್ಲರೂ ಬಲ್ಲ ಅತಿಮಾನುಷ ವೀರರವು. ಅವುಗಳ ನಡುವೆ ಈ ಒಂದು ಮಾಲೆ ಬೇರೆಯೇ ಆದ ಆಸೆಯನ್ನು ಹುಟ್ಟಿಸಿತ್ತು. ಸೂಪರ್‌ಮ್ಯಾನನ ತೋಳ್ಬಲ, ವಂಡರ್ ವುಮನಳ ಕತ್ತಿ, ಸೈಬೋರ್ಗನ ಯಂತ್ರ ಇವೆಲ್ಲವೂ ಕೈಸೋತು ನಿಲ್ಲುವ ಸಂಕಟವೊಂದು ಬರುತ್ತದೆ. ಅಲ್ಲಿ ಮಂತ್ರ ಬಲ್ಲವರು, ಸತ್ತವರು, ಹುಚ್ಚಿನ ಗಡಿಯಲ್ಲಿ ಬಾಳುವವರು ಮುಂದೆ ಬರಬೇಕಾಗುತ್ತದೆ. ಇದು ಮಾಲೆಯ ಪ್ರತಿಜ್ಞೆ. ಬರೆದವರು ಪೀಟರ್ ಮಿಲಿಗನ್. ಚಿತ್ರ ಬಿಡಿಸಿದವರು ಸ್ಪೇನ್ ದೇಶದ ಮಿಕೆಲ್ ಹನೀನ್. ಬಣ್ಣ ಉಲಿಸೆಸ್ ಅರ್ರೆಯೋಲಾ ಅವರದು. ಮುಖಚಿತ್ರ ರಯಾನ್ ಸೂಕ್ ಅವರದು. ಕಥೆಗೆ ಸಂದ ಪುಟಗಳು ಇಪ್ಪತ್ತು. ಬೆಲೆ ಎರಡು ಡಾಲರು ತೊಂಬತ್ತೊಂಬತ್ತು ಸೆಂಟು. ಪುಟಗಳ ಎಣಿಕೆಯನ್ನು ಸುಮ್ಮನೆ ಹೇಳಲಿಲ್ಲ. ಮುಂದೆ ಅದರ ಅಗತ್ಯ ಬರುತ್ತದೆ.

ಮುಖಚಿತ್ರದ ಮೇಲೆ ನಿಂತವರು ಯಾರು ಯಾರೆಂದು ತಿಳಿಯದಿದ್ದರೆ ಈ ನಿರಾಶೆಯ ಅಳತೆ ಸಿಕ್ಕುವುದಿಲ್ಲ. ಮೊದಲು ಜಟಾನಾ. ಈಕೆ ೧೯೬೪ರಲ್ಲಿ 'ಹಾಕ್‌ಮ್ಯಾನ್' ಮಾಲೆಯ ನಾಲ್ಕನೆಯ ಸಂಚಿಕೆಯಲ್ಲಿ ಹುಟ್ಟಿದವಳು. ಕಾಣೆಯಾದ ತಂದೆ ಜಟಾರಾನನ್ನು ಹುಡುಕುತ್ತ ಬಂದವಳು. ಆ ತಂದೆಯಾದರೋ ೧೯೩೮ರ 'ಆಕ್ಷನ್ ಕಾಮಿಕ್ಸ್' ಮೊದಲನೆಯ ಸಂಚಿಕೆಯಲ್ಲೇ, ಎಂದರೆ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಅದೇ ಹೊತ್ತಗೆಯಲ್ಲಿ, ಕಾಣಿಸಿಕೊಂಡ ಮಾಂತ್ರಿಕ. ಈ ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ. ಅಮೆರಿಕದ ಈ ಚಿತ್ರಕಥೆಗಳಲ್ಲಿ ಮಂತ್ರವೆಂಬುದು ಆಮೇಲೆ ಬಂದ ಅತಿಥಿಯಲ್ಲ. ತೋಳ್ಬಲದ ಜೊತೆಯಲ್ಲೇ, ಒಂದೇ ದಿನ, ಒಂದೇ ರಟ್ಟಿನೊಳಗೆ ಹುಟ್ಟಿದ ಒಡಹುಟ್ಟು. ತಂದೆ ಮಗಳಿಬ್ಬರೂ ಮಂತ್ರವನ್ನು ಹಿಂದುಮುಂದಾಗಿ ಹೇಳುತ್ತಾರೆ. ಮರಾ ಮರಾ ಎಂದು ಜಪಿಸಿ ರಾಮನನ್ನು ಕಂಡ ಬೇಡನ ಕಥೆ ಕೇಳಿ ಬೆಳೆದ ನಮಗೆ, ತಿರುಗಿಸಿದ ಮಾತಿಗೆ ಶಕ್ತಿ ಬರುತ್ತದೆಂಬ ಕಲ್ಪನೆ ಅಪರಿಚಿತವಲ್ಲ.

ಇನ್ನು ಡೆಡ್‌ಮ್ಯಾನ್. ೧೯೬೭ರಲ್ಲಿ ಆರ್ನಲ್ಡ್ ಡ್ರೇಕ್ ಮತ್ತು ಕಾರ್ಮೈನ್ ಇನ್‌ಫಾಂಟಿನೋ ಸೃಷ್ಟಿಸಿದ ಪಾತ್ರ. ಬೋಸ್ಟನ್ ಬ್ರಾಂಡ್ ಎಂಬ ಸರ್ಕಸ್ಸಿನ ತೂಗುಯ್ಯಾಲೆಯ ಆಟಗಾರ ಆಟದ ನಡುವೆಯೇ ಗುಂಡೇಟಿಗೆ ಬಲಿಯಾಗುತ್ತಾನೆ. ಕೊಂದವನನ್ನು ಹುಡುಕಲು ಅವನ ಪ್ರೇತಕ್ಕೆ ಬದುಕಿರುವವರ ಮೈಯೊಳಗೆ ಸೇರುವ ಶಕ್ತಿ ದೊರೆಯುತ್ತದೆ. ಶಂಕರಾಚಾರ್ಯರ ಕಥೆಯಲ್ಲಿ ಬರುವ ಪರಕಾಯ ಪ್ರವೇಶವೇ ಇದು! ಆ ವರವನ್ನು ಕೊಡುವ ದೇವತೆಯ ಹೆಸರು ರಾಮಾ ಕುಷ್ಣ. ಮುಂದಿನ ಕಥೆಗಳಲ್ಲಿ ಬರುವ ಹಿಮಾಲಯದ ಪುಣ್ಯಸ್ಥಳದ ಹೆಸರು ನಂದಾ ಪರ್ಬತ್. ನಮ್ಮ ದೇವರೂ ನಮ್ಮ ಬೆಟ್ಟವೂ ನ್ಯೂಯಾರ್ಕಿನ ಮೇಜಿನ ಮೇಲೆ ಹೀಗೆ ಅಕ್ಷರ ತಪ್ಪಿ ಹೊಸ ಜನ್ಮ ಪಡೆದುದನ್ನು ನೋಡಿದಾಗ ನನಗೆ ಸಿಟ್ಟಿಗಿಂತ ನಗೆಯೇ ಹೆಚ್ಚು ಬರುತ್ತದೆ.

ಮೇಡಂ ಜನಾಡು ೧೯೭೮ರವಳು, ಎಲೆಗಳನ್ನು ಹರಡಿ ಕಣಿ ಹೇಳುವವಳು. ಶೇಡ್ ಎಂಬವನನ್ನು ಸ್ಟೀವ್ ಡಿಟ್ಕೋ ೧೯೭೭ರಲ್ಲಿ ಸೃಷ್ಟಿಸಿದರು. ಅವನಿಗೆ ನಿಜವಾದ ಪ್ರಾಣ ಬಂದದ್ದು ೧೯೯೦ರಿಂದ ೧೯೯೬ರವರೆಗೆ ಇದೇ ಮಿಲಿಗನ್ ಅವರು ಬರೆದ ಎಪ್ಪತ್ತು ಸಂಚಿಕೆಗಳಲ್ಲಿ. ಕೊನೆಯವನು ಜಾನ್ ಕಾನ್‌ಸ್ಟಂಟೈನ್; ೧೯೮೫ರಲ್ಲಿ ಅಲನ್ ಮೂರ್ ಬರೆಯುತ್ತಿದ್ದ 'ಸ್ವಾಂಪ್ ಥಿಂಗ್' ಮಾಲೆಯಲ್ಲಿ ಬಂದ ಇಂಗ್ಲೆಂಡಿನ ಧೂರ್ತ, ಮಂತ್ರಕ್ಕಿಂತ ಮಾತಿನಿಂದಲೇ ಹೆಚ್ಚು ಕೆಲಸ ಸಾಧಿಸುವವನು.

ಇವರಲ್ಲಿ ಶೇಡ್, ಕಾನ್‌ಸ್ಟಂಟೈನ್ ಮೊದಲಾದವರು ಬಹುಕಾಲ ಬೇರೆ ಮನೆಯಲ್ಲಿ ಬಾಳಿದರು. ಡಿ.ಸಿ.ಯವರೇ ೧೯೯೩ರಲ್ಲಿ ಕ್ಯಾರೆನ್ ಬರ್ಗರ್ ಅವರ ಸಂಪಾದಕತ್ವದಲ್ಲಿ 'ವರ್ಟಿಗೋ' ಎಂಬ ಪ್ರತ್ಯೇಕ ಶಾಖೆಯನ್ನು ತೆರೆದು, ಬಿಗಿಯುಡುಗೆಯ ವೀರರಿಗೆ ಅಲ್ಲಿ ಪ್ರವೇಶವಿಲ್ಲವೆಂಬಂತೆ ನಡೆಸಿದ್ದರು. ಅಲ್ಲಿ ಬೆಳೆದ ಕಥೆಗಳಲ್ಲಿ ಭಯವು ಹೊರಗಿನ ಭೂತದಿಂದ ಬರುವುದಕ್ಕಿಂತ ಒಳಗಿನ ಅಪರಾಧದಿಂದ ಬರುತ್ತಿತ್ತು. ೨೦೧೧ರಲ್ಲಿ ಆ ಗೋಡೆ ಒಡೆದು ಇವರನ್ನು ಮತ್ತೆ ದೊಡ್ಡಮನೆಗೆ ಕರೆತಂದರು. ಕರೆತಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬೇರೆ ಮನೆಯಲ್ಲಿ ಕಲಿತ ನಡೆನುಡಿಯನ್ನು ಇವರು ದೊಡ್ಡಮನೆಗೆ ತಂದು ಅದನ್ನು ಬದಲಿಸುವರೊ, ಇಲ್ಲ ಅಲ್ಲಿನ ಊಳಿಗಕ್ಕೆ ಸೇರಿ ತಮ್ಮ ಗುಣವನ್ನೇ ಕಳೆದುಕೊಳ್ಳುವರೊ? ಈ ಸಂಚಿಕೆಯನ್ನು ಕೈಗೆತ್ತಿಕೊಂಡವರ ಮನಸ್ಸಿನಲ್ಲಿದ್ದ ಪ್ರಶ್ನೆ ಇದೇ. ಇಪ್ಪತ್ತು ಪುಟಗಳು ಮುಗಿದಾಗ ಉತ್ತರ ಹೇಗೂ ಸಿಕ್ಕುವುದಿಲ್ಲ. ಪ್ರಶ್ನೆಯನ್ನು ಕೇಳಿದ ಗುರುತೂ ಸಿಕ್ಕುವುದಿಲ್ಲ.

ಕಥೆಯ ಎಳೆ ಸರಳ. ಎನ್‌ಚಾಂಟ್ರೆಸ್ ಎಂಬ ಮಾಟಗಾತಿಗೆ ಹುಚ್ಚು ಹಿಡಿದಿದೆ. ೧೯೬೬ರಿಂದಲೂ ಇರುವ ಈ ಪಾತ್ರದ ವಿಶೇಷವೆಂದರೆ, ಜೂನ್ ಮೂನ್ ಎಂಬ ಸಾಮಾನ್ಯ ಹೆಣ್ಣುಮಗಳೂ ಈ ಮಾಟಗಾತಿಯೂ ಒಂದೇ ಜೀವದ ಎರಡು ಪಾಲು. ಈ ಕಥೆಯಲ್ಲಿ ಪಾಲುಗಳು ಬೇರ್ಪಟ್ಟಿವೆ. ಆ ಬಿರುಕಿನಿಂದ ಲೋಕಕ್ಕೆ ವಿಪತ್ತು ಬಂದಿದೆ. ಜನಾಡು ಅದನ್ನು ತನ್ನ ಎಲೆಗಳಲ್ಲಿ ಕಾಣುತ್ತಾಳೆ. ಸೂಪರ್‌ಮ್ಯಾನ್, ವಂಡರ್ ವುಮನ್, ಸೈಬೋರ್ಗ್ ಮೂವರೂ ಹೋಗಿ ಸೋಲುತ್ತಾರೆ. ಬ್ಯಾಟ್‌ಮ್ಯಾನ್ ಜೊತೆಗೆ ಹೊರಟಾಗ ಜಟಾನಾ ಅವನನ್ನು ಮಂತ್ರದಿಂದ ತಡೆದು ನಿಲ್ಲಿಸಿ ತಾನೊಬ್ಬಳೇ ಹೋಗುತ್ತಾಳೆ. ಜನಾಡು ಶೇಡನನ್ನು ಹುಡುಕಿಕೊಂಡು ಬರುತ್ತಾಳೆ. ಇಷ್ಟರಲ್ಲಿ ಸಂಚಿಕೆ ಮುಗಿಯುತ್ತ ಬಂತು.

ಇದರಲ್ಲಿ ಒಂದು ಚಿತ್ರವಿದೆ. ಅದನ್ನು ಕುರಿತು ಸ್ವಲ್ಪ ನಿಂತು ಹೇಳಬೇಕು. ಜೂನ್ ಮೂನಳ ಪ್ರತಿರೂಪಗಳು, ಒಂದೆರಡಲ್ಲ, ಹಿಂಡುಹಿಂಡಾಗಿ, ಒಂದೇ ಮುಖ, ಒಂದೇ ಉಡುಪು, ಹೆದ್ದಾರಿಯ ಮೇಲೆ ಅಲೆಯುತ್ತಿವೆ. ವೇಗವಾಗಿ ಬರುವ ಕಾರುಗಳು ಅವುಗಳಿಗೆ ಬಡಿಯುತ್ತವೆ. ಒಬ್ಬಳು ಬಿದ್ದರೆ ಹಿಂದಿನಿಂದ ಇನ್ನೊಬ್ಬಳು. ಬಹಳ ಕಾಲದಿಂದ ಇಂಥ ಚಿತ್ರಕಥೆಗಳನ್ನು ಓದುತ್ತ ಬಂದ ನನಗೆ ಈ ಕಲ್ಪನೆ ನಿಜವಾಗಿ ನಡುಕ ತಂದಿತು. ಕಾರಣ ರಕ್ತವಲ್ಲ. ಸಾಯುತ್ತಿರುವವಳು ಒಬ್ಬಳೇ, ಆದರೆ ಎಷ್ಟು ಸಲ ಸತ್ತರೂ ಅವಳ ಸಾವು ಮುಗಿಯುವುದಿಲ್ಲ. ಇನ್ನು ಕಾರು ನಡೆಸುವವರ ಪಾಡನ್ನು ಯೋಚಿಸಿ. ಮನೆಗೆ ಹೊರಟ ಸಾಮಾನ್ಯ ಮನುಷ್ಯ, ಅರಿಯದೆ ಒಂದು ಹೆಣ್ಣನ್ನು ಕೊಂದೆನೆಂದು ಗಾಡಿ ನಿಲ್ಲಿಸಿ ಇಳಿಯುತ್ತಾನೆ. ಅವಳೇ ಮತ್ತೆ ಎದುರಿನಿಂದ ನಡೆದು ಬರುತ್ತಿದ್ದಾಳೆ. ಕೊಂದೆನೆ, ಕೊಲ್ಲಲಿಲ್ಲವೆ? ಅಳಬೇಕೆ, ಓಡಬೇಕೆ? ಅಮಾನುಷವಾದುದು ಮನುಷ್ಯನ ಮನಸ್ಸಾಕ್ಷಿಯನ್ನು ಮುಟ್ಟುವ ಸ್ಥಳ ಅದು. ಮಿಲಿಗನ್ ಅವರಂಥ ಲೇಖಕರಿಗೆ ಅಲ್ಲೇ ಇಡೀ ಸಂಚಿಕೆಯ ಬೀಜವಿತ್ತು.

ಆದರೆ ಬೀಜ ಬಿತ್ತಿದವರು ನೀರು ಹಾಕದೆ ಮುಂದೆ ಹೋಗಿದ್ದಾರೆ. ಗಾಡಿ ನಡೆಸುವವರಲ್ಲಿ ಒಬ್ಬನಿಗಾದರೂ ಹೆಸರಿಲ್ಲ, ಮುಖವಿಲ್ಲ. ಈ ಸಾವುಗಳು ನಮ್ಮ ವೀರರಲ್ಲಿ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ವಿಪತ್ತು ವಿಚಿತ್ರವಾದುದು ಎಂದು ತಿಳಿಸುವ ಒಂದು ಗುರುತಾಗಿ ಮಾತ್ರ ಆ ಹೆಣ್ಣುಗಳು ಸಾಯುತ್ತಾರೆ. ಮುಂದಿನ ವಿಚಿತ್ರಕ್ಕೆ ಪುಟ ತಿರುಗುತ್ತದೆ.

ಮುಂದಿನ ವಿಚಿತ್ರವೆಂದರೆ ಹಲ್ಲುಗಳು. ಕೊಳೆತ ಹಲ್ಲುಗಳ ಸುಂಟರಗಾಳಿಯೊಂದು ಸೂಪರ್‌ಮ್ಯಾನನನ್ನೂ ಅವನ ಜೊತೆಗಾರರನ್ನೂ ಮುತ್ತಿ ಮೈಯನ್ನು ಕಚ್ಚಿ ಹರಿಯುತ್ತದೆ. ಮಂತ್ರದೆದುರಿಗೆ ಸೂಪರ್‌ಮ್ಯಾನನ ಚರ್ಮಕ್ಕೂ ರಕ್ಷಣೆಯಿಲ್ಲವೆಂಬುದು ಹಳೆಯ ಕಟ್ಟಳೆ. ಆದ್ದರಿಂದ ಅವನು ಸೋತದ್ದರಲ್ಲಿ ಅನ್ಯಾಯವೇನೂ ಇಲ್ಲ. ಈ ಪ್ರಸಂಗವನ್ನು ಮೆಚ್ಚಿದ ಓದುಗರೂ ಉಂಟು. ನನಗೆ ಅದು ಭಯವನ್ನು ತರಲಿಲ್ಲ, ಹೇಸಿಗೆಯನ್ನು ತಂದಿತು. ನಮ್ಮ ಆಲಂಕಾರಿಕರು ಭಯಾನಕವನ್ನೂ ಬೀಭತ್ಸವನ್ನೂ ಎರಡು ರಸಗಳೆಂದು ಬೇರೆ ಬೇರೆ ಇಟ್ಟುದು ಎಣಿಕೆ ತುಂಬಲೆಂದಲ್ಲ. ಭಯಕ್ಕೆ ಸ್ಥಾಯಿ ಬೇರೆ, ಜುಗುಪ್ಸೆಯ ಸ್ವಭಾವ ಬೇರೆ. ಹೇಸಿಗೆಯ ವಸ್ತುವನ್ನು ಕಂಡು ನಾವು ಮುಖ ತಿರುಗಿಸುತ್ತೇವೆ. ಭಯದ ವಸ್ತುವಿನಿಂದ ಮುಖ ತಿರುಗಿಸಲಾರೆವು. ಹೆದ್ದಾರಿಯ ಹೆಣ್ಣು ನಮ್ಮನ್ನು ಹಿಡಿದು ನಿಲ್ಲಿಸುತ್ತಾಳೆ. ಹಲ್ಲುಗಳು ಛೀ ಎನ್ನಿಸಿ ಬಿಟ್ಟುಬಿಡುತ್ತವೆ. ಲೇಖಕರು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ರಂಗವನ್ನು ಬಿಟ್ಟುಕೊಟ್ಟರು.

ಇಲ್ಲಿ ಚರಿತ್ರೆಯ ಒಂದು ವಕ್ರತೆಯನ್ನು ನೆನೆಯದೆ ಇರಲಾರೆ. ೧೯೫೪ರಲ್ಲಿ ಅಮೆರಿಕದ ಚಿತ್ರಕಥೆಯ ಪ್ರಕಾಶಕರು ತಮ್ಮ ಮೇಲೆ ತಾವೇ ಒಂದು ಕಟ್ಟಳೆಯನ್ನು ಹೇರಿಕೊಂಡು ಭಯದ ಕಥೆಗಳನ್ನು ಬಹುಮಟ್ಟಿಗೆ ಹೊರಹಾಕಿದರು. ರಕ್ತಪಿಶಾಚಿ, ನಡೆದಾಡುವ ಹೆಣ ಮೊದಲಾದುವಕ್ಕೆ ಬಹಿಷ್ಕಾರ. ೧೯೭೧ರಲ್ಲಿ ಆ ಕಟ್ಟಳೆ ಸಡಿಲಿತು. ಡಿ.ಸಿ.ಯವರು ಅದನ್ನು ಪೂರ್ತಿಯಾಗಿ ಕೈಬಿಟ್ಟದ್ದು ೨೦೧೧ರ ಜನವರಿಯಲ್ಲಿ, ಎಂದರೆ ನಮ್ಮ ಈ ಸಂಚಿಕೆ ಬಂದ ವರ್ಷದಲ್ಲೇ. ಕಾವಲುಗಾರನ ಕಣ್ಣು ತಪ್ಪಿಸಿ ಬರೆಯಬೇಕಾಗಿದ್ದ ಕಾಲದಲ್ಲಿ ಡೆಡ್‌ಮ್ಯಾನನಂಥ ಕರುಣಾಜನಕ ಪ್ರೇತ ಹುಟ್ಟಿತು. ಕಾವಲುಗಾರನು ಮನೆಗೆ ಹೋದ ಮೇಲೆ ನಮಗೆ ಸಿಕ್ಕಿದ್ದು ಒಂದು ಬಂಡಿ ಹಲ್ಲು. ಕಾವಲು ಬೇಕೆಂದು ನಾನು ಖಂಡಿತ ವಾದಿಸುತ್ತಿಲ್ಲ. ಬಾಗಿಲು ತೆರೆದ ಮಾತ್ರಕ್ಕೆ ಕಲ್ಪನೆ ಒಳಗೆ ಬಂದು ಕೂರುವುದಿಲ್ಲವೆಂದಷ್ಟೇ ನನ್ನ ಮಾತು.

ಮಂತ್ರದ ಕಥೆಗೆ ಇನ್ನೊಂದು ಕಷ್ಟವಿದೆ. ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಏನಾದರೂ ನಮಗೆ ಆಶ್ಚರ್ಯವಾಗುವುದಿಲ್ಲ. ಆದ್ದರಿಂದಲೇ ಒಳ್ಳೆಯ ಮಾಟದ ಕಥೆಗಳಲ್ಲೆಲ್ಲ ಒಂದು ನಿಯಮವೂ ಒಂದು ತೆರವೂ ಇರುತ್ತವೆ. ಬೇತಾಳನ ಕಥೆಯಲ್ಲಿ ವಿಕ್ರಮನು ಬಾಯಿ ಬಿಟ್ಟರೆ ಹೆಣ ಮರಕ್ಕೆ ಹಾರುತ್ತದೆ. ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಈ ಎರಡು ಕಟ್ಟುಗಳ ನಡುವೆ ರಾಜ ಸಿಕ್ಕಿಕೊಂಡಿರುವುದರಿಂದಲೇ ಮಗುವೂ ಉಸಿರು ಬಿಗಿಹಿಡಿದು ಕೇಳುತ್ತದೆ. ಈ ಸಂಚಿಕೆಯಲ್ಲಿ ಎನ್‌ಚಾಂಟ್ರೆಸ್ ಏನು ಮಾಡಬಲ್ಲಳು, ಏನು ಮಾಡಲಾರಳು? ಜಟಾನಾ ಒಂದು ಮಾತಿನಿಂದ ಬ್ಯಾಟ್‌ಮ್ಯಾನನನ್ನು ನಿಲ್ಲಿಸಬಲ್ಲವಳಾದರೆ, ಅದೇ ಬಾಯಿಂದ ಇನ್ನೊಂದು ಮಾತು ಹೇಳಿ ಆ ಹಲ್ಲುಗಳನ್ನು ನಿಲ್ಲಿಸಲು ಅಡ್ಡಿಯೇನು? ಉತ್ತರ ಇರಬಹುದು, ಕಥೆ ಅದನ್ನು ಹೇಳುವ ಗೋಜಿಗೇ ಹೋಗಿಲ್ಲ. ಯಾರಿಗೆ ಯಾವುದಕ್ಕಾಗಿ ಹೆದರಬೇಕೆಂಬುದೇ ಓದುಗನಿಗೆ ತಿಳಿಯದು.

ಈಗ ಮುಖ್ಯವಾದ ಆಕ್ಷೇಪಣೆಗೆ ಬರುತ್ತೇನೆ. ಇದು ಒಂದು ಕೂಟದ ಕಥೆ. ಕೂಟವೇ ಇದರ ಹೆಸರು. ಆದರೆ ಮೊದಲ ಸಂಚಿಕೆಯಲ್ಲಿ ಕೂಟ ಕೂಡುವುದಿಲ್ಲ. ಜಟಾನಾ ಒಂದು ಕಡೆ, ಶೇಡ್ ಒಂದು ಕಡೆ, ಡೆಡ್‌ಮ್ಯಾನ್ ಇನ್ನೊಂದು ಕಡೆ. ಕಾನ್‌ಸ್ಟಂಟೈನನಿಗೆ ದೊರೆತ ಸ್ಥಳವಂತೂ ಅತ್ಯಲ್ಪ. ಯಕ್ಷಗಾನದಲ್ಲಿ ಪಾತ್ರಗಳು ತೆರೆಯ ಹಿಂದಿನಿಂದ ಒಂದೊಂದಾಗಿ ಮೂಡಿ ಕುಣಿದು ತಮ್ಮ ಬರವನ್ನು ಸಾರುವ ಒಡ್ಡೋಲಗ ಸೊಗಸಾದುದೇ. ಆದರೆ ಒಡ್ಡೋಲಗದಲ್ಲೇ ಬೆಳಗು ಹರಿದು, ಪ್ರಸಂಗವನ್ನು ನಾಳೆ ಆಡುತ್ತೇವೆಂದು ಭಾಗವತರು ತಾಳ ಕೆಳಗಿಟ್ಟರೆ ಪ್ರೇಕ್ಷಕ ಏನೆಂದಾನು? ಇಲ್ಲಿ ಆ ಕುಣಿತವೂ ಇಲ್ಲ. ತೆರೆಯ ಮೇಲಿಂದ ಕಿರೀಟದ ತುದಿಯನ್ನಷ್ಟು ತೋರಿಸಿ ಒಳಕ್ಕೆ ಎಳೆದುಕೊಂಡಂತಾಗಿದೆ.

ತಿಂಗಳಿಗೊಮ್ಮೆ ಬರುವ ಧಾರಾವಾಹಿಗೆ ಇದು ಸಹಜವಲ್ಲವೆ, ಮೊದಲ ಕಂತಿನಲ್ಲಿ ಪರಿಚಯ ಮಾಡಿಕೊಡದೆ ಇನ್ನೇನು ಮಾಡಲು ಸಾಧ್ಯ ಎಂದು ಕೆಲವರು ಸಮರ್ಥಿಸುವರು. ಇಪ್ಪತ್ತು ಪುಟ ಸಣ್ಣ ಜಾಗವೆಂದು ಒಪ್ಪುತ್ತೇನೆ. ಸಣ್ಣ ಜಾಗವಾದುದರಿಂದಲೇ ಆಯ್ಕೆ ಬೇಕು. ಈ ವಾದಕ್ಕೆ ಉತ್ತರವನ್ನು ನಾನು ಹೊರಗಿನಿಂದ ತರಬೇಕಾಗಿಲ್ಲ. ಮಿಲಿಗನ್ ಅವರೇ ಹತ್ತು ವರ್ಷ ಮೊದಲು ಕೊಟ್ಟಿದ್ದಾರೆ. ೨೦೦೧ರಲ್ಲಿ ಅವರು ಮೈಕ್ ಆಲ್‌ರೆಡ್ ಜೊತೆಯಲ್ಲಿ ಮಾರ್ವೆಲ್ ಪ್ರಕಾಶನದ 'ಎಕ್ಸ್-ಫೋರ್ಸ್' ಮಾಲೆಯನ್ನು ೧೧೬ನೆಯ ಸಂಚಿಕೆಯಿಂದ ವಹಿಸಿಕೊಂಡರು. ಆ ಒಂದು ಸಂಚಿಕೆಯಲ್ಲಿ ಯಾರೂ ಹಿಂದೆ ಕಂಡಿರದ ಒಂದು ಇಡೀ ತಂಡವನ್ನು ತಂದು ನಿಲ್ಲಿಸಿ, ಕೀರ್ತಿಗೆ ಹಾತೊರೆಯುವ ಅವರ ಚಾಪಲ್ಯವನ್ನು ತೋರಿಸಿ, ಸಂಚಿಕೆ ಮುಗಿಯುವುದರೊಳಗೆ ಅವರಲ್ಲಿ ಬಹುಮಂದಿಯನ್ನು ಸಾಯಿಸಿಬಿಟ್ಟರು. ಬದುಕಿ ಉಳಿದ ಕೆಲವರ ಕಡೆಗೆ ಓದುಗನ ಕಣ್ಣು ಆಮೇಲೆ ಬೇರೆ ರೀತಿಯಲ್ಲಿ ತಿರುಗಿತು. ಅದನ್ನು ಬರೆದ ಕೈಯೇ ಇದನ್ನೂ ಬರೆದದ್ದೆಂದು ನೆನೆದಾಗ ನನ್ನ ಅಸಮಾಧಾನ ಇಮ್ಮಡಿಯಾಗುತ್ತದೆ.

ಇನ್ನೂ ಹತ್ತಿರದ ಮಾದರಿಯೊಂದಿದೆ. ೧೯೮೬ರ 'ಸ್ವಾಂಪ್ ಥಿಂಗ್' ಐವತ್ತನೆಯ ಸಂಚಿಕೆ. ಅಲ್ಲಿಯೂ ಲೋಕಕ್ಕೆ ಬಂದ ಕತ್ತಲೆಯನ್ನು ಎದುರಿಸಲು ಕಾನ್‌ಸ್ಟಂಟೈನ್ ಮಾಂತ್ರಿಕರನ್ನು ಕೂಡಿಸುತ್ತಾನೆ. ಜಟಾನಾ, ಅವಳ ತಂದೆ ಜಟಾರಾ, ಸಾರ್ಗನ್, ಮೆಂಟೋ ಎಲ್ಲರೂ ಬ್ಯಾರನ್ ವಿಂಟರ್ಸ್ ಎಂಬವನ ಮನೆಯಲ್ಲಿ ಒಂದು ಮೇಜಿನ ಸುತ್ತ ಕೈಕೈ ಹಿಡಿದು ಕೂರುತ್ತಾರೆ. ಅವರು ಮಾಡುವುದು ಇಷ್ಟೇ. ಆದರೆ ಕೈ ಬಿಡಬಾರದು. ಸಾರ್ಗನನ ಮೈಗೆ ಬೆಂಕಿ ಹತ್ತುತ್ತದೆ. ಅವನು ಕೂತಲ್ಲೇ ಸುಟ್ಟುಹೋಗುತ್ತಾನೆ. ಆಮೇಲೆ ಜಟಾನಾಳ ಮೈ ಕಾಯತೊಡಗಿದಾಗ ತಂದೆ ಆ ಉರಿಯನ್ನು ತನ್ನ ಮೇಲೆ ಎಳೆದುಕೊಂಡು ಮಗಳನ್ನು ಉಳಿಸಿ ತಾನು ಬೂದಿಯಾಗುತ್ತಾನೆ. ಹಾರುವ ಹಲ್ಲಿಲ್ಲ, ಹರಿದ ಮಾಂಸವಿಲ್ಲ. ಕೂಟವೆಂದರೆ ಏನು, ಅದರಲ್ಲಿ ಕೈ ಹಿಡಿದವನು ಕೊಡಬೇಕಾದ ಬೆಲೆಯೇನು ಎಂಬುದು ಒಂದು ಮೇಜು, ಕೆಲವು ಕುರ್ಚಿಗಳಿಂದ ತಿಳಿದುಬಿಡುತ್ತದೆ. ಆ ಸಂಚಿಕೆಗೆ ಹಿಂದಿನ ಹನ್ನೆರಡು ಹದಿಮೂರು ಸಂಚಿಕೆಗಳ ಸಿದ್ಧತೆಯ ಬಲವಿತ್ತು ನಿಜ. ಅದರ ಪುಟಗಳೂ ಹೆಚ್ಚು. ಆದರೂ ಅದೇ ಜಟಾನಾ, ಅದೇ ಕಾನ್‌ಸ್ಟಂಟೈನ್ ಇಪ್ಪತ್ತೈದು ವರ್ಷಗಳ ಮೇಲೆ ಮತ್ತೆ ಅಂಥ ಕೆಲಸಕ್ಕೆ ಬರುವಾಗ ಆ ಮೇಜಿನ ನೆನಪಿನ ಒಂದು ನೆರಳಾದರೂ ಬೀಳಬೇಡವೆ? ಹೊಸ ಲೆಕ್ಕದಲ್ಲಿ ಹಳೆಯದೆಲ್ಲ ಅಳಿದಿದೆಯೆಂದು ಪ್ರಕಾಶಕರು ಹೇಳುವರು. ಅಳಿಸಿದ್ದರೆ ಅದರ ಜಾಗದಲ್ಲಿ ಬೇರೆಯದನ್ನು ಬರೆಯಬೇಕಾಗಿತ್ತು.

ಎಲ್ಲವೂ ಕೆಟ್ಟದೆಂದು ಹೇಳಿದರೆ ಅನ್ಯಾಯವಾದೀತು. ಶೇಡನಿಗೆ ಸಂದ ಪುಟಗಳು ಬೇರೆಯ ಮಟ್ಟದವು. ೧೯೯೦ರ ಮಾಲೆಯಲ್ಲಿ ಶೇಡ್ ಈ ಲೋಕಕ್ಕೆ ಬಂದದ್ದು ಮರಣದಂಡನೆಗೆ ಗುರಿಯಾದ ಒಬ್ಬ ಕೊಲೆಗಾರನ ಮೈಯಲ್ಲಿ. ಅವನು ಪ್ರೀತಿಸಿದ ಕ್ಯಾಥಿ ಎಂಬಾಕೆಯ ತಂದೆತಾಯಿಗಳನ್ನು ಕೊಂದವನ ಮೈ ಅದು. ತನ್ನವರನ್ನು ಕೊಂದ ಮುಖವನ್ನೇ ನೋಡುತ್ತ ಪ್ರೀತಿಸಬೇಕಾದ ಆಕೆಯ ಸಂಕಟ ಆ ಮಾಲೆಯ ಉಸಿರಾಗಿತ್ತು. ಹೊಸ ಸಂಚಿಕೆಯಲ್ಲಿ ಶೇಡ್ ತನ್ನ ಹುಚ್ಚಿನ ಅಂಗಿಯ ಶಕ್ತಿಯಿಂದ ಕ್ಯಾಥಿಯ ಪ್ರತಿಮೆಯನ್ನು ಕಟ್ಟಿಕೊಂಡು ಅದರೊಡನೆ ಬಾಳುತ್ತಿದ್ದಾನೆ. ಬೇಕಾದವಳನ್ನು ಬಯಕೆಯಿಂದಲೇ ಮಾಡಿಕೊಂಡವನು; ಮಾಡಿಕೊಂಡದ್ದು ಅವಳಲ್ಲವೆಂದು ಬಲ್ಲವನು. ಆ ಆಕೃತಿಯೂ ಉಳಿಯದೆ ಕರಗಿಹೋಗುತ್ತದೆ. ಇಲ್ಲಿ ಲೇಖಕರ ಹಳೆಯ ದನಿ ಕೇಳಿಸುತ್ತದೆ. ಹೆದ್ದಾರಿಯಲ್ಲಿ ಸಾಯುವ ಜೂನ್ ಮೂನ್‌ಗಳಿಗೂ ಈ ಸುಳ್ಳು ಕ್ಯಾಥಿಗೂ ನಂಟಿದೆಯೆಂದು ನನಗೆ ತೋರುತ್ತದೆ. ಎರಡೂ ಪ್ರತಿರೂಪದ ಕಥೆ. ನಿಜವಾದ ಹೆಣ್ಣು ಎಲ್ಲಿಯೋ ಇದ್ದಾಳೆ, ಅಥವಾ ಇಲ್ಲವೇ ಇಲ್ಲ. ಅವಳ ನೆರಳುಗಳು ಬಂದು ಬಂದು ಅಳಿಯುತ್ತವೆ. ಈ ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದಿದ್ದರೆ ಸಾಕಾಗಿತ್ತು, ಸಂಚಿಕೆ ಬೆಳಗುತ್ತಿತ್ತು. ಉಳಿದವರ ಹಾಜರಿ ಹಾಕಿಸುವ ಆತುರದಲ್ಲಿ ಅದು ಆಗಲಿಲ್ಲ.

ಚಿತ್ರಗಳ ವಿಷಯ. ಹನೀನ್ ಅವರ ಗೆರೆ ಸ್ವಚ್ಛವಾದುದು; ಮುಖಗಳು ಸುಂದರ, ಬಟ್ಟೆಯ ಮಡಿಕೆ, ಬೆಳಕಿನ ಬೀಳು ಎಲ್ಲವೂ ಛಾಯಾಚಿತ್ರದಷ್ಟು ನಿಖರ. ಅವರು ಮುಂದೆ ದೊಡ್ಡ ಚಿತ್ರಕಾರರೆಂದು ಹೆಸರು ಪಡೆದದ್ದು ನ್ಯಾಯವೇ. ಆದರೆ ಈ ಕಥೆಗೆ ಆ ನಿಖರತೆ ಹೊಂದಿತೆ ಎಂಬುದು ಬೇರೆ ಮಾತು. ಹುಚ್ಚು ಹಿಡಿದ ಲೋಕವೂ ಅದೇ ತಿಳಿಬೆಳಕಿನಲ್ಲಿ, ಅದೇ ನಯದಲ್ಲಿ ನಿಂತಿದ್ದರೆ ಹುಚ್ಚು ಎಲ್ಲಿದೆಯೆಂದು ತಿಳಿಯುವುದು ಹೇಗೆ? ಜನಾಡುವಿನ ಕೋಣೆಗೂ ಹೆದ್ದಾರಿಗೂ ಬಣ್ಣದ ಭೇದವಿದೆ, ಗೆರೆಯ ಭೇದವಿಲ್ಲ. ಭಂಗಿಗಳು ಮಾದರಿಯ ಎದುರಿಗೆ ನಿಂತು ಬರೆದಂತೆ ಗಟ್ಟಿಯಾಗಿ ಉಳಿಯುತ್ತವೆ. ಒಂದು ಕಡೆ ಮಾತ್ರ ಈ ನಯವೇ ಗುಣವಾಗಿದೆ. ಒಂದೇ ಮುಖದ ಹೆಣ್ಣುಗಳ ಸಾಲನ್ನು ಇಷ್ಟು ಶಾಂತವಾಗಿ, ಇಷ್ಟು ನಿರ್ವಿಕಾರವಾಗಿ ಬರೆದುದರಿಂದ ಅದರ ಘೋರ ಹೆಚ್ಚಿದೆ.

ಇನ್ನೊಂದು ಸಂಗತಿ. ಈ ಸಂಚಿಕೆ ಬಂದ ಕಾಲದಲ್ಲಿ ಮಿಲಿಗನ್ ಅವರು 'ಹೆಲ್‌ಬ್ಲೇಜರ್' ಮಾಲೆಯನ್ನೂ ಬರೆಯುತ್ತಿದ್ದರು. ಅಲ್ಲಿನ ಕಾನ್‌ಸ್ಟಂಟೈನ್ ಕಾಲದೊಡನೆ ಮುದುಕನಾಗುತ್ತ ಬಂದವನು; ಅದೇ ವರ್ಷ, ೨೭೫ನೆಯ ಸಂಚಿಕೆಯಲ್ಲಿ, ತನಗಿಂತ ಎಷ್ಟೋ ಕಿರಿಯಳಾದ ಎಪಿಫನಿಯನ್ನು ಮದುವೆಯಾಗಿ ಸಂಸಾರ ಹೂಡಿದವನು. ಇಲ್ಲಿನವನು ಅವನೇ ಅಲ್ಲ. ವಯಸ್ಸು ಇಳಿಸಿ, ನಾಲಿಗೆ ತೊಳೆದು, ಸಭ್ಯರ ಮನೆಗೆ ಕರೆತಂದ ಅವನ ತಮ್ಮ. ಒಬ್ಬ ಲೇಖಕ ಒಂದೇ ಕಾಲದಲ್ಲಿ ಒಂದೇ ಹೆಸರಿನ ಇಬ್ಬರನ್ನು ಬರೆಯುವುದೆಂದರೆ ಅದೂ ಒಂದು ಪ್ರತಿರೂಪದ ಆಟವೇ. ಆ ಆಟದಲ್ಲಿ ಯಾರು ಗೆಲ್ಲುವರೆಂಬುದಕ್ಕೆ ಬಹಳ ಕಾಯಬೇಕಾಗಲಿಲ್ಲ. ೧೯೮೮ರಲ್ಲಿ ಆರಂಭವಾದ 'ಹೆಲ್‌ಬ್ಲೇಜರ್' ೨೦೧೩ರಲ್ಲಿ ಮುನ್ನೂರನೆಯ ಸಂಚಿಕೆಯೊಡನೆ ನಿಂತಿತು. ಕಿರಿಯನು ಉಳಿದ. ಅವನ ಆರಂಭ ಇಷ್ಟು ಬಡವಾಗಿದ್ದುದರಿಂದ ಹಿರಿಯನ ಅಳಿವು ಹಳೆಯ ಓದುಗರಿಗೆ ಇನ್ನಷ್ಟು ನೋವು ತಂದಿತು. ನಾನೂ ಅವರಲ್ಲಿ ಒಬ್ಬ.

ಮಾಲೆಯ ಮುಂದಿನ ಗತಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಿಲಿಗನ್ ಅವರು ಎಂಟನೆಯ ಸಂಚಿಕೆಯವರೆಗೆ ಬರೆದರು. ಅದರಲ್ಲಿ ಕೊನೆಯ ಎರಡು ಸಂಚಿಕೆಗಳು ರಕ್ತಪಿಶಾಚಿಗಳ ಬೇರೊಂದು ಮಾಲೆಯೊಡನೆ ಕೂಡಿಕೆಯಲ್ಲಿ ಕಳೆದುವು. ಒಂಬತ್ತನೆಯದರಿಂದ ಕೆನಡಾದ ಜೆಫ್ ಲೆಮೈರ್ ಕೈಗೆ ಬಂತು. ಅವರು ಕಾನ್‌ಸ್ಟಂಟೈನನನ್ನು ನಡುವಿಗೆ ತಂದು, ಕೂಟಕ್ಕೆ ಒಂದು ಕೆಲಸವನ್ನೂ ಒಂದು ಮನೆಯನ್ನೂ ಕೊಟ್ಟು, ಮಾಲೆಯನ್ನು ಸ್ವಲ್ಪ ಹಳಿಗೆ ಹತ್ತಿಸಿದರು. ಮಾಲೆ ನಲವತ್ತನೆಯ ಸಂಚಿಕೆಯಲ್ಲಿ, ೨೦೧೫ರಲ್ಲಿ ಮುಗಿಯಿತು. ೨೦೧೮ರಲ್ಲಿ ಜೇಮ್ಸ್ ಟೈನಿಯನ್ ಮತ್ತು ಆಲ್ವಾರೊ ಮಾರ್ತಿನೆಸ್ ಬ್ವೇನೊ ಅದೇ ಹೆಸರಿನಲ್ಲಿ ಎರಡನೆಯ ಮಾಲೆಯನ್ನು ಎತ್ತಿದಾಗ ವಂಡರ್ ವುಮನಳನ್ನೇ ಕೂಟದ ನಡುವೆ ನಿಲ್ಲಿಸಿದರು. ಮಂತ್ರವೇ ಮಾಂತ್ರಿಕರ ಮೇಲೆ ತಿರುಗಿಬೀಳುವುದು ಅಲ್ಲಿನ ವಸ್ತು. ಮಂತ್ರಕ್ಕೆ ತೆರವುಂಟು, ಸಾಲ ಮಾಡಿದವರು ತೀರಿಸಬೇಕು ಎಂಬ ಹಳೆಯ ಕಟ್ಟಳೆ ಅದರಲ್ಲಿ ಮರಳಿ ಬಂದುದರಿಂದ ಭಯವೂ ಮರಳಿ ಬಂತು.

ಮಿಲಿಗನ್ ಅವರ ಮೊದಲ ಆರು ಸಂಚಿಕೆಗಳು 'ಇನ್ ದಿ ಡಾರ್ಕ್' ಎಂಬ ಹೆಸರಿನಲ್ಲಿ ೨೦೧೨ರಲ್ಲಿ ಒಂದು ಸಂಪುಟವಾಗಿ ಬಂದಿವೆ. ಹಣ ಕೊಟ್ಟು ಕೊಳ್ಳುವವರು ಟೈನಿಯನ್ ಅವರ ಮಾಲೆಯನ್ನೋ, ಮೂರ್ ಅವರ ಹಳೆಯ 'ಸ್ವಾಂಪ್ ಥಿಂಗ್' ಸಂಪುಟಗಳನ್ನೋ ಕೊಳ್ಳುವುದು ಲೇಸು. ಈ ಮೊದಲನೆಯ ಸಂಚಿಕೆ ಯಾರಲ್ಲಾದರೂ ಇದ್ದು ಎರವಲು ಸಿಕ್ಕಿದರೆ, ಹೆದ್ದಾರಿಯ ಪುಟಗಳನ್ನೂ ಶೇಡನ ಪುಟಗಳನ್ನೂ ನೋಡಿ ಹಿಂದಕ್ಕೆ ಕೊಡಬಹುದು.